ಡ್ರೈವರ್ ಅತ್ತೆಯ ಮೊದಲ ಅಧ್ಯಾಯ

ಮಾರ್ಚ್ 3
ಇವತ್ತೂ ಅದೇ ಹಾಡು. ಸೋದರತ್ತೆ ಊರಿನ ಮೊದಲ ಬಸ್ ಡ್ರೈವರಮ್ಮ. ಅವಳ ಜೀವನಚರಿತ್ರೆ ಬರೆಯಲು ಕೂತರೆ ಬಾಯಿಗೆ ಬೀಗ. "ಹೇಳೋಕೇನಿದೆ? ಬಸ್ ಓಡಿಸ್ದೆ, ರಿಟೈರ್ ಆದೆ." ಮುಗಿಯಿತು. ಡ್ರೈವಿಂಗ್ ಕಲಿಸಿದವನು ಅಪ್ಪ, ಅವಳ ತಮ್ಮ. ಅವನೂ ತುಟಿ ಬಿಚ್ಚುವುದಿಲ್ಲ. ಇಬ್ಬರಿಗೂ ನಾನು ಹುಟ್ಟುವ ಮುಂಚಿನಿಂದ ಮಾತಿಲ್ಲ. ಮೊದಲ ಅಧ್ಯಾಯ ಖಾಲಿ.

ಮಾರ್ಚ್ 5
ದಾರಿ ಸಿಕ್ಕಿತು! ಅಪ್ಪನಿಗೆ ಕೇಳುವಂತೆ ಸುಮ್ಮನೆ ಓದಿದೆ— "ಅತ್ತೆ ಕಾರಿನಲ್ಲಿ ಡ್ರೈವಿಂಗ್ ಕಲಿತಳು." ಪೇಪರ್ ಮಡಚಿಟ್ಟ. "ಯಾವನ ಕಾರು? ಬೇಕರಿ ವ್ಯಾನು. ನಾನೇ ಅದರ ಡ್ರೈವರ್ರು. ಆ ಮಹಾರಾಣಿಗೆ ಕ್ಲಚ್ ಯಾವ್ದು, ಬ್ರೇಕ್ ಯಾವ್ದು ಗೊತ್ತಿರ್ಲಿಲ್ಲ." ಆಮೇಲೆ ನಿಲ್ಲಿಸಿದರೆ ಕೇಳಿ. ಪ್ರಶ್ನೆ ಕೇಳಿದರೆ ಯಾರೂ ಹೇಳುವುದಿಲ್ಲ. ತಪ್ಪು ಬರೆದು ಓದಿದರೆ ತಡೆದುಕೊಳ್ಳಲಾರರು. ಕುಣಿಯುವಂತಾಗಿದೆ.

ಮಾರ್ಚ್ 6
ಅತ್ತೆಗೂ ಅದೇ ಮದ್ದು. "ಮೊದಲ ದಿನವೇ ಸಲೀಸಾಗಿ ಓಡಿಸಿದಳು" ಎಂದು ಓದಿದೆ. ಬಿದ್ದು ಬಿದ್ದು ನಕ್ಕಳು. "ಸಲೀಸಾಗಾ? ಬ್ರೇಕ್ ಹಾಕಿದ್ರೆ ಬ್ರೆಡ್ಡೆಲ್ಲ ತಲೆ ಮೇಲೆ. ಆಮೇಲೊಂದಿನ ನಿಮ್ಮಪ್ಪ ವ್ಯಾನನ್ನ ಗೋಡೆಗೆ ಗುದ್ದಿದ, ಅವನ ಕೆಲಸ ಹೋಯ್ತು, ನನ್ನ ಪಾಠಾನೂ ನಿಂತ್ಹೋಯ್ತು." ಥಟ್ಟನೆ ಎದ್ದು ಒಳಗೆ ಹೋದಳು.

ಮಾರ್ಚ್ 11
"ತಮ್ಮನ ಅಜಾಗರೂಕತೆಯಿಂದ ವ್ಯಾನ್ ಗೋಡೆಗೆ ಗುದ್ದಿತು." ಬೇಕೆಂದೇ ಗಟ್ಟಿಯಾಗಿ ಓದಿ, ಪೆನ್ನು ಹಿಡಿದು ಕೂತೆ. ಇನ್ನೇನು ಸಿಡಿಯುತ್ತಾನೆ...
ಅಪ್ಪ ಕಿಟಕಿ ಕಡೆ ನೋಡಿದ. "ಹ್ಞೂಂ. ಹಾಗೇ ಇರ್ಲಿ."
ವ್ಯಾನಿನ ಬಣ್ಣ ತಪ್ಪಿದ್ದಕ್ಕೂ ನಿನ್ನೆ ಜಗಳ ತೆಗೆದವನು! ಇದರಲ್ಲೇನೋ ಇದೆ.

ಮಾರ್ಚ್ 12, ಬೆಳಿಗ್ಗೆ
ಮುಖ ತೊಳೆದವಳೇ ಅತ್ತೆ ಮನೆಗೆ ಓಡಿದೆ. ಅಪ್ಪ "ಹಾಗೇ ಇರ್ಲಿ" ಅಂದ ಎಂದೆ. ಅತ್ತೆ ಸೌಟು ಕೆಳಗಿಟ್ಟಳು.
"ಹಾಗಂದ್ನಾ? ಇಷ್ಟು ವರ್ಷ ಆದ್ಮೇಲೂ?" ಆಮೇಲೆ ಒಂದೇ ಉಸಿರಿಗೆ— "ಬರ್ಕೋ. ಸ್ಟಿಯರಿಂಗ್ ಹಿಡಿದಿದ್ದೋಳು ನಾನು. ನನಗೆ ಲೈಸೆನ್ಸ್ ಸಿಗಲ್ಲ ಅಂತ ತಪ್ಪು ತನ್ನ ಮೇಲೆ ಹಾಕ್ಕೊಂಡ. ನನ್ನ ಕೆಲಸ ಗಟ್ಟಿಯಾದ್ಮೇಲೆ ಎಲ್ರಿಗೂ ನಿಜ ಹೇಳ್ತೀನಿ ಅಂದಿದ್ದೆ. ಹೇಳ್ಲಿಲ್ಲ ಕಣೇ."
ಅತ್ತಳು. ನನಗೂ ಅಳು, ಖುಷಿ, ಎರಡೂ ಒಟ್ಟಿಗೆ. ಇದೇ ಮೊದಲ ಅಧ್ಯಾಯ! ಅತ್ತೆ ಕಣ್ಣೊರೆಸಿಕೊಂಡು ಎದ್ದಳು. "ಅವನನ್ನ ನೋಡೋಕೆ ಪುಸ್ತಕ ಬರೋತನಕ ಕಾಯೋಕಾಗಲ್ಲ ನಂಗೆ. ನೀನು ಮುಂದೆ ಹೋಗು, ಸೀರೆ ಬದಲಾಯಿಸ್ಕೊಂಡು ಬಂದೆ."

ಮಧ್ಯಾಹ್ನ
ಗೇಟಿನ ಸದ್ದು. ಬಂದೇಬಿಟ್ಟಳು! ಬೆಲ್ ಒತ್ತುತ್ತಿಲ್ಲ, ಸುಮ್ಮನೆ ನಿಂತಿದ್ದಾಳೆ. ಅಪ್ಪನಿಗೆ ನಾನೇನೂ ಹೇಳಿರಲಿಲ್ಲ. ಕಿಟಕಿಯಿಂದ ನೋಡಿದವನೇ ಅಂಗಿ ಹಾಕಿಕೊಳ್ಳುತ್ತಿದ್ದಾನೆ, ಗುಂಡಿಗಳೆಲ್ಲ ತಪ್ಪು ತೂತಿಗೆ ಹೋಗುತ್ತಿವೆ. "ಏನು ಗೀಚ್ತಾ ಕೂತಿದ್ದೀಯೇ? ಅಕ್ಕ ಬಿಸಿಲಲ್ಲಿ ನಿಂತಿದ್ದಾಳೆ, ಹೋಗಿ ಬಾಗಿಲು—"