ಮೇಸ್ತ್ರಿಯ ಸೇತುವೆಯನ್ನು ‘ಖಾಲಿ ಜಾಗ’ ಎಂದವರಿಗೆ

ಮಾನ್ಯ ಮುಖ್ಯ ಆಡಳಿತಾಧಿಕಾರಿಗಳೇ,

ನಿಮ್ಮ ಆನ್‌ಲೈನ್ ಆಟದೊಳಗೆ ನಾವು ಆಟಗಾರರೇ ಒಂಬತ್ತು ವರ್ಷ ಕೂತು ಕಟ್ಟಿದ ನಗರದ ಸೇತುವೆಯನ್ನು ಕಳೆದ ಸೋಮವಾರ ಅಳಿಸಿಹಾಕಿದ್ದೀರಿ. ಕಾರಣ, ‘ನಿರ್ಮಿಸಿದವರು ತೊಂಬತ್ತು ದಿನಗಳಿಂದ ನಿಷ್ಕ್ರಿಯ’. ಆ ನಿಷ್ಕ್ರಿಯ ವ್ಯಕ್ತಿ ನನ್ನ ಅಣ್ಣ. ಆಸ್ಪತ್ರೆಯಲ್ಲಿದ್ದ. ಆಪರೇಷನ್ ಟೇಬಲ್ ಮೇಲಿಂದ ನಿಮಗೆ ಹಾಜರಿ ಹಾಕಲಿಲ್ಲ. ಅವನ ಉದ್ಧಟತನವನ್ನು ಮನ್ನಿಸಬೇಕು.

ನಗರದ ಚರಿತ್ರೆ ನಿಮಗೆ ಗೊತ್ತಿರಲಾರದು. ಅಳಿಸುವವರಿಗೆ ಅದರ ಅಗತ್ಯವಾದರೂ ಏನು? ಅಣ್ಣ ಗಾರೆ ಕೆಲಸದವನು. ಕಟ್ಟಡದಿಂದ ಬಿದ್ದು ಕಾಲಿನ ಸ್ವಾಧೀನ ತಪ್ಪಿದ ಮೇಲೆ ಆರು ತಿಂಗಳು ಯಾರೊಂದಿಗೂ ಮಾತಾಡಲಿಲ್ಲ. ಹೊತ್ತು ಹೋಗಲೆಂದು ನಾನೇ ಈ ಆಟ ಹಾಕಿಕೊಟ್ಟೆ. ಮೊದಲ ದಿನ ‘ಮೇಸ್ತ್ರಿ’ ಎಂಬ ಹೆಸರಿನಲ್ಲಿ ನದಿ ದಡದಲ್ಲೊಂದು ಗುಡಿಸಲು ಕಟ್ಟಿದ. ಆಚೆ ದಡದಲ್ಲಿ ನಿವೃತ್ತ ಟೀಚರೊಬ್ಬರು ಗ್ರಂಥಾಲಯ ಕಟ್ಟಿ, ಬಾಗಿಲಿಡುವುದನ್ನೇ ಮರೆತಿದ್ದರು.

“ಟೀಚರ್, ಒಳಗೆ ಹೋಗೋದು ಹೇಗೆ?” ಎಂದು ಅಣ್ಣ ಮೈಕಿನಲ್ಲಿ ಕೇಳಿದ. ಆರು ತಿಂಗಳಲ್ಲಿ ಅವನಾಡಿದ ಮೊದಲ ಮಾತದು.

“ನೀವೇ ಬಂದು ಇಟ್ಟುಕೊಡಿ ಮೇಸ್ತ್ರಿ,” ಎಂದರು ಅವರು.

ಹೋಗಲು ಸೇತುವೆ ಬೇಕಾಯಿತು. ಸೇತುವೆಯ ಎರಡೂ ತುದಿಗೆ ಬೀದಿ ಬಂತು, ಬೀದಿಗೆ ಅಂಗಡಿ, ಅಂಗಡಿಗೆ ಜಗಳ, ಜಗಳಕ್ಕೊಂದು ಪಂಚಾಯಿತಿ. ಈಗ ನಾಲ್ಕು ಸಾವಿರ ಜನ. ಇದರಲ್ಲಿ ನಿಮ್ಮ ಕಚೇರಿಯ ಕೊಡುಗೆ? ಸೂಚನೆಗಳು. ಅವುಗಳಿಗೇನೂ ಕೊರತೆಯಾಗಲಿಲ್ಲ.

ಸೇತುವೆಯನ್ನು ‘ಖಾಲಿ ಜಾಗ’ ಎಂದು ಕರೆದು ತೆರವಿನ ಸೂಚನೆ ಬಂದಾಗ ಟೀಚರ್ ಹನ್ನೊಂದು ಮನವಿ ಬರೆದರು. ಹನ್ನೊಂದಕ್ಕೂ ನಿಮ್ಮದು ಒಂದೇ ಉತ್ತರ: ‘ನಿಮ್ಮ ಅಭಿಪ್ರಾಯಕ್ಕೆ ಧನ್ಯವಾದಗಳು’. ಸೋಮವಾರ ಅವರು ಅರವತ್ತು ಜನರನ್ನು ಕಟ್ಟಿಕೊಂಡು ಸೇತುವೆಯ ನಡುವೆ ನಿಂತು, “ನಾವು ಕದಲಲ್ಲ” ಅಂದರು. ಅವರನ್ನು ಕದಲಿಸುವ ಕಷ್ಟ ನೀವೇಕೆ ಪಟ್ಟೀರಿ? ಕಾಲಡಿಯ ಸೇತುವೆಯನ್ನೇ ತೆಗೆದಿರಿ. ಅಷ್ಟೂ ಜನ ನೀರಿಗೆ ಬಿದ್ದರು.

ಆಸ್ಪತ್ರೆಯಿಂದ ಮನೆಗೆ ಬಂದ ಅಣ್ಣನಿಗೆ, ಮುಚ್ಚಿಡಲಾಗದೆ, ಅದರ ವಿಡಿಯೊ ತೋರಿಸಿದೆ. ನೋಡಿದವನೇ, “ಯಾರಿಗಾದ್ರೂ ಏಟಾಯ್ತೇನೇ?” ಎಂದು ಕೇಳಿದ.

“ಇದು ಆಟ ಅಲ್ವಾ ಅಣ್ಣ, ಏಟಾಗಲ್ಲ,” ಎಂದೆ. ಅವನು ಕಂಪ್ಯೂಟರ್ ಆರಿಸಲು ಹೇಳಿದ. ಮೂರು ದಿನ ಅದನ್ನು ಮುಟ್ಟಲಿಲ್ಲ.

ಇವತ್ತು ಬೆಳಿಗ್ಗೆ ಟೀಚರ್ ತಾವೇ ಕಲ್ಲು ಜೋಡಿಸುತ್ತಿರುವುದನ್ನು ತೋರಿಸಿದೆ. “ಅಯ್ಯೋ, ಹಾಗಲ್ಲ ಟೀಚರ್, ಮೊದಲು ಕಂಬ!” ಎಂದು ಕೂಗಿ, ತನ್ನನ್ನು ಎಬ್ಬಿಸಿ ಕೂರಿಸಲು ಹೇಳಿದ.

ಹಳೆಯ ನಕ್ಷೆಯ ಪ್ರತಿ ಇದೆಯೆಂದು ನಿಮ್ಮ ಸಿಬ್ಬಂದಿಯೇ ಒಪ್ಪಿದ್ದಾರೆ. ಈ ವಾರದೊಳಗೆ ಸೇತುವೆಯನ್ನು ಮರಳಿಸಿ. ಅಷ್ಟೂ ಕೈಲಾಗದಿದ್ದರೆ ಸುಮ್ಮನಿರಿ, ಸುಮ್ಮನಿರುವುದೂ ಆಡಳಿತವೇ. ಕಟ್ಟುವವರು ಕೆಲಸ ಶುರುಮಾಡಿದ್ದಾರೆ.

ಇಂತಿ,
ಊರು ಎರಡು ಹೋಳಾದರೂ ನಿಮ್ಮ ದಾಖಲೆಯಲ್ಲಿ ಇನ್ನೂ ‘ಸಕ್ರಿಯ’ಳಾಗಿರುವ,
ಮೇಸ್ತ್ರಿಯ ತಂಗಿ