ಪಕ್ಕದ ಸೀಟಿನ ಬ್ರೇಕು

ಮನೆಯಿಂದ,
ಹದಿನಾಲ್ಕನೇ ತಾರೀಖು, ಭಾನುವಾರ

ಪ್ರೀತಿಯ ಅತ್ತೆ,

ಹೇಗಿದ್ದೀರಿ? ಮಂಡಿನೋವು ಹೇಗಿದೆ? ಮೆಟ್ಟಿಲು ಇಳಿಯುವಾಗ ಗೋಡೆ ಹಿಡಿದುಕೊಳ್ಳುತ್ತೀರಿ ತಾನೆ? ಬಿ.ಪಿ. ಮಾತ್ರೆ ತಿಂಡಿಗೆ ಮೊದಲೋ ಆಮೇಲೋ ಎಂದು ಅತ್ತಿಗೆಯ ಜೊತೆ ವಾದಕ್ಕೆ ಇಳಿಯಬೇಡಿ. ಡಾಕ್ಟರು ಹೇಳಿದ್ದು ಆಮೇಲೆ, ನಾನು ಪಕ್ಕದಲ್ಲೇ ಇದ್ದೆ. ಇಲ್ಲಿ ನಾವು ಮೂವರೂ ಆರೋಗ್ಯವಾಗಿದ್ದೇವೆ. ಪುಟ್ಟಿಗೆ ಮುಂದಿನ ಎರಡು ಹಲ್ಲು ಬಿದ್ದಿವೆ, ಮಾತಿಗೆ ಮಾತ್ರ ಏನೂ ಕಮ್ಮಿಯಾಗಿಲ್ಲ. ಹೊಲಿಗೆ ಕೆಲಸ ಕೈತುಂಬ ಇದೆ. ನೀವು ಹೋದ ಮೇಲೆ ಮಷೀನಿಗೆ ಮೋಟಾರು ಹಾಕಿಸಿದೆ. ಪೆಡಲಿನ ಮೇಲೆ ಕಾಲಿಟ್ಟರೆ ಓಡುತ್ತದೆ, ತೆಗೆದರೆ ಟಕ್ಕೆಂದು ನಿಲ್ಲುತ್ತದೆ, ಬೆನ್ನಿಗೆ ಎಷ್ಟೋ ಆರಾಮ. ಫೋನಿನಲ್ಲಿ ಹೇಳುವುದನ್ನು ಬಿಟ್ಟು ಕಾಗದ ಯಾಕೆ ಬರೆದಳು ಎಂದು ನೀವು ಹುಬ್ಬೇರಿಸುವುದು ನನಗೆ ಇಲ್ಲಿಂದಲೇ ಕಾಣುತ್ತಿದೆ. ಫೋನಿನಲ್ಲಿ ನೀವು "ಹೂಂ", "ಆಯ್ತು" ಬಿಟ್ಟರೆ ಮೂರನೆಯ ಮಾತಾಡುವುದಿಲ್ಲ. ನಿಮ್ಮ ಮಗನ ವಿಷಯ ಎತ್ತಿದರಂತೂ ಫೋನು ಸೀದಾ ಅತ್ತಿಗೆಯ ಕೈಗೆ ಹೋಗುತ್ತದೆ. ಕಾಗದವಾದರೆ ಕನ್ನಡಕ ಹಾಕಿಕೊಂಡು ಪೂರ್ತಿ ಓದುತ್ತೀರಿ. ಸಿಟ್ಟು ಬಂದರೂ ಓದುತ್ತೀರಿ.

ವಿಷಯ ಇಷ್ಟೇ. ಬರುವ ಶನಿವಾರ ನಾವು ಕಾರಿನಲ್ಲಿ ಅಲ್ಲಿಗೆ ಬರುತ್ತಿದ್ದೇವೆ. ಅತ್ತಿಗೆಯ ಮನೆಯಲ್ಲಿ ಒಂದು ರಾತ್ರಿ ಇರುವುದು, ಭಾನುವಾರ ಬೆಳಿಗ್ಗೆ ನಿಮ್ಮನ್ನು ಕೂರಿಸಿಕೊಂಡು ಸಮುದ್ರಕ್ಕೆ ಹೋಗುವುದು, ಎರಡು ದಿನ ಅಲ್ಲಿದ್ದು ಸೀದಾ ನಮ್ಮ ಮನೆಗೆ ವಾಪಸ್ಸು. ಸೀದಾ ನಮ್ಮ ಮನೆಗೆ ಎಂಬುದನ್ನು ಇನ್ನೊಂದು ಸಲ ಓದಿ. ಹೋದ ಬೇಸಿಗೆಯಲ್ಲಿ ಅರ್ಧಕ್ಕೇ ನಿಂತ ಪ್ರಯಾಣ ಅದು, ಅದನ್ನು ಮುಗಿಸಲೇಬೇಕು ಎಂದು ನನ್ನ ಹಠ. ಆ ದಿನ ನೀವು ಮುಂದಿನ ಸೀಟಿನಲ್ಲಿ ಕೂತು ಎಂದಿನ ಹಾಗೆ "ಲಾರಿ ಬಂತು ನೋಡೋ", "ಬ್ರೇಕ್, ಬ್ರೇಕ್" ಎನ್ನುತ್ತಾ ಬಂದಿರಿ. ನಿಮ್ಮ ಮಗ ಅರ್ಧ ದಾರಿ ಹಲ್ಲು ಕಚ್ಚಿ ಸಹಿಸಿಕೊಂಡರು. ಪೆಟ್ರೋಲ್ ಬಂಕಿನಲ್ಲಿ, ಅಲ್ಲಿದ್ದವರೆಲ್ಲ ಕೇಳುವ ಹಾಗೆ, "ಅಮ್ಮಾ, ಇನ್ಮೇಲೆ ನೀನು ಹಿಂದೆ ಕೂತ್ಕೋ" ಎಂದುಬಿಟ್ಟರು. ನೀವು ಹಿಂದೆ ಬಂದು ನನ್ನ ಪಕ್ಕ ಕೂತಿರಿ. ಅತ್ತಿಗೆಯ ಮನೆ ಬಂದಾಗ ಬ್ಯಾಗು ಹಿಡಿದು ಇಳಿದು, "ನಾಲ್ಕು ದಿನ ಮಗಳ ಮನೇಲೇ ಇರ್ತೀನಿ, ನೀವು ಹೋಗಿ" ಎಂದಿರಿ. ನೀವಿಲ್ಲದೆ ಯಾವ ಸಮುದ್ರ? ನಾವು ಅಲ್ಲಿಂದಲೇ ತಿರುಗಿ ಬಂದೆವು. ಆ ನಾಲ್ಕು ದಿನ ಇನ್ನೂ ಮುಗಿದಿಲ್ಲ. ಸಾರಿ ಎಂಬ ಎರಡಕ್ಷರ ನಿಮ್ಮ ಮಗನ ಬಾಯಿಂದ ಬರಲಿಲ್ಲ, ಬರುವವರೆಗೆ ನೀವು ಮೆತ್ತಗಾಗಲಿಲ್ಲ. ಹಠದಲ್ಲಿ ತಾಯಿ ಮಗ ಒಂದೇ ಅಚ್ಚು. ನನಗೆ ಇಬ್ಬರ ಮೇಲೂ ಸಿಟ್ಟಿದೆ, ನಿಮ್ಮ ಮೇಲೆ ಸ್ವಲ್ಪ ಕಮ್ಮಿ. ಸಂಜೆ ಮಷೀನು ನಿಲ್ಲಿಸಿದಾಗ ಮನೆ ಎಷ್ಟು ಖಾಲಿ ಎಂದು ಗೊತ್ತಾಗುತ್ತದೆ.

ಈಗ ಡಬ್ಬಿಯ ಸಮಾಚಾರ. (ಕಾರಿಗೆ ನೀವಿಟ್ಟ ಹೆಸರನ್ನು ಪುಟ್ಟಿಯೂ ಕಲಿತಿದ್ದಾಳೆ, ಅಪ್ಪನ ಎದುರಿಗೇ ಹಾಗೆ ಕರೆಯುತ್ತಾಳೆ.) ಹದಿನೈದು ದಿನದಿಂದ ನಿಮ್ಮ ಮಗನಿಗೆ ಕಾರು ರಿಪೇರಿಯ ಹುಚ್ಚು ಹಿಡಿದಿದೆ. ಯಾಕೆ ಹಿಡಿಯಿತು ಎನ್ನುವುದನ್ನು ಕೊನೆಗೆ ಹೇಳುತ್ತೇನೆ. ಆಡಬೇಕಾದ ಮಾತನ್ನು ಆಡದೆ ಸ್ಪ್ಯಾನರ್ ಕೈಗೆತ್ತಿಕೊಳ್ಳುವ ಅವರ ಗುಣ ನನಗಿಂತ ನಿಮಗೇ ಚೆನ್ನಾಗಿ ಗೊತ್ತು. ಬ್ಯಾಟರಿಯ ತುದಿಗಳಲ್ಲಿ ಬೂಷ್ಟಿನ ಹಾಗೆ ಬೆಳೆದಿದ್ದ ಬಿಳಿ ಪುಡಿಯನ್ನು ಬಿಸಿನೀರು ಸುರಿದು ಹಲ್ಲುಜ್ಜುವ ಬ್ರಷ್ಷಿನಲ್ಲಿ ತಿಕ್ಕಿ ತೆಗೆದರು. ಅದು ನನ್ನ ಬ್ರಷ್ಷು ಎಂದು ಮರುದಿನ ಬೆಳಿಗ್ಗೆ ಗೊತ್ತಾಯಿತು. ಎಂಜಿನ್ ಆಯಿಲ್ ಬದಲಾಯಿತು, ರೇಡಿಯೇಟರಿಗೆ ಕೂಲೆಂಟ್ ಬಿತ್ತು, ಮಳೆ ಬಂದರೆ ಗಾಜನ್ನು ಒರೆಸುವ ಬದಲು ಇನ್ನಷ್ಟು ಮಸುಕು ಮಾಡುತ್ತಿದ್ದ ವೈಪರುಗಳು ಕಸದ ಬುಟ್ಟಿ ಸೇರಿದವು. ಸ್ಟೆಪ್ನಿಯನ್ನು ಹೊರಗೆಳೆದು ನೋಡಿದರೆ ಅದರಲ್ಲಿ ಗಾಳಿಯೇ ಇರಲಿಲ್ಲ. ಅದು ಕೂರುವ ಗುಂಡಿಯಲ್ಲಿ ನಿಮ್ಮ ಮಡಚುವ ಕೊಡೆ ಸಿಕ್ಕಿತು. ನಾನು ತೆಗೆದಿಲ್ಲ ಎಂದು ಅವತ್ತೇ ಹೇಳಿರಲಿಲ್ಲವೆ?

ನನ್ನ ಗಮನಕ್ಕೆ ಬಂದದ್ದು ಏನೆಂದರೆ, ಡ್ರೈವರ್ ಸೀಟಿನ ಸ್ಪಂಜು ಕುಸಿದು ಹಳ್ಳ ಬಿದ್ದಿದೆ, ಅದರ ಕಡೆ ಅವರು ತಿರುಗಿಯೂ ನೋಡಲಿಲ್ಲ. ಕೆಲಸವೆಲ್ಲ ಪಕ್ಕದ ಸೀಟಿಗೆ. ಅದನ್ನು ಹಿಂದಕ್ಕೆ ಸರಿಸುವ ಲಿವರು ತುಕ್ಕು ಹಿಡಿದು ಜಾಮ್ ಆಗಿತ್ತಲ್ಲ, ಅದಕ್ಕೇ ತಾನೆ ನೀವು ದಾರಿಯುದ್ದಕ್ಕೂ ಮಂಡಿ ಮಡಚಿಕೊಂಡೇ ಕೂರಬೇಕಾಗುತ್ತಿದ್ದದ್ದು. ಒಂದು ಇಡೀ ಭಾನುವಾರ ಅದರ ಕೆಳಗೆ ತಲೆ ತೂರಿಸಿಕೊಂಡು ತುಕ್ಕು ಕೆರೆದು ಗ್ರೀಸು ಹಚ್ಚಿದರು. ಆಮೇಲೆ ತಾವೇ ಅದರಲ್ಲಿ ಕೂತು, ಕಾಲು ಚಾಚಿ, ಇನ್ನೂ ಸ್ವಲ್ಪ ಹಿಂದೆ, ಇನ್ನೂ ಸ್ವಲ್ಪ ಹಿಂದೆ ಎಂದು ತಮ್ಮಷ್ಟಕ್ಕೆ ತಾವೇ ಹೇಳಿಕೊಂಡರು. ಈಗ ಅದು ಬೆರಳಲ್ಲಿ ತಳ್ಳಿದರೆ ಸರಿಯುತ್ತದೆ. ನಾನು ಸೀಟಿಗೆ ಹೊಸ ಕವರು ಹೊಲಿದಿದ್ದೇನೆ, ಸೊಂಟಕ್ಕೆ ಒಂದು ಸಣ್ಣ ದಿಂಬು ಬೇರೆ. ಇಷ್ಟು ವರ್ಷ ನಿಮ್ಮ ಬಟ್ಟೆ ಹೊಲಿದವಳಿಗೆ ನಿಮ್ಮ ಬೆನ್ನಿನ ಅಳತೆ ಯಾರೂ ಹೇಳಿಕೊಡಬೇಕಾಗಿಲ್ಲ.

ಇನ್ನೊಂದು ಸಂಗತಿ ಗ್ಯಾರೇಜಿನಲ್ಲಿ ನಡೆಯಿತು. ಬ್ರೇಕ್ ಪ್ಯಾಡ್ ಬದಲಾಯಿಸಲು ಗಾಡಿ ಬಿಟ್ಟಿದ್ದೆವು. ಗ್ಯಾರೇಜಿನ ಯಜಮಾನರು ಒಳಗಿನ ಮ್ಯಾಟುಗಳನ್ನೆಲ್ಲ ಹೊರಗೆಳೆದು ಕೊಡವುತ್ತಿದ್ದವರು ಒಂದನ್ನು ಬೆಳಕಿಗೆ ಹಿಡಿದು ನಿಂತುಬಿಟ್ಟರು. ನಿಮ್ಮ ಸೀಟಿನ ಮುಂದಿನ ಮ್ಯಾಟು ಅದು. ಬಲಗಾಲು ಇಡುವ ಜಾಗದಲ್ಲಿ ರಬ್ಬರು ಸವೆದು ತೂತು ಬಿದ್ದಿತ್ತು. "ಡ್ರೈವರ್ ಕಡೆ ಸವೆಯೋದು ನೋಡಿದ್ದೀನಿ ಸಾರ್, ಈ ಕಡೆ ಯಾರು ಬ್ರೇಕ್ ಹಾಕೋದು?" ಎಂದು ಕೇಳಿದರು. "ನಮ್ಮಮ್ಮ" ಎಂದು ನಿಮ್ಮ ಮಗ ನಕ್ಕರು, ನಾನೂ ನಕ್ಕೆ. ಆಮೇಲೆ ನಿಮ್ಮ ಮಗ ಮ್ಯಾಟನ್ನು ಕೈಗೆ ತೆಗೆದುಕೊಂಡು ಆ ತೂತಿನಲ್ಲಿ ಬೆರಳಿಟ್ಟು ನೋಡಿದರು, ನಗು ಅಲ್ಲಿಗೇ ನಿಂತಿತು. ನೀವು ಬರೀ ಬಾಯಲ್ಲಿ ಹೇಳುತ್ತೀರಿ ಎಂದುಕೊಂಡಿದ್ದೆವು ಅತ್ತೆ. ಹಿಂದೆ ಕೂತ ನನಗೆ ಕಾಣುತ್ತಿದ್ದದ್ದು ನಿಮ್ಮ ತಲೆ ಮಾತ್ರ. ಹೋದಲ್ಲೆಲ್ಲ ನೀವು ಜೀವ ಕೈಯಲ್ಲಿ ಹಿಡಿದುಕೊಂಡು ಕಾಲು ಒತ್ತಿ ಒತ್ತಿ ನಮ್ಮೆಲ್ಲರನ್ನೂ ನಿಲ್ಲಿಸುತ್ತಿದ್ದಿರಿ ಎನ್ನುವುದು ನಮಗೆ ಹೊಳೆದೇ ಇರಲಿಲ್ಲ. ನನಗೆ ಅಲ್ಲೇ ಅಳು ಬಂತು, ಧೂಳು ಎಂದು ಸುಳ್ಳು ಹೇಳಿ ಕಣ್ಣೊರೆಸಿಕೊಂಡೆ. ಹೊಸ ಮ್ಯಾಟು ಹಾಕಿದ ಮೇಲೆ ಯಜಮಾನರು ಹಳೆಯದನ್ನು ಎಸೆಯಲು ಹೋದರು. ನಿಮ್ಮ ಮಗ "ಅದು ಇರಲಿ" ಎಂದು ಸುರುಳಿ ಸುತ್ತಿ ಮನೆಗೆ ತಂದರು. ಬಟ್ಟೆ ಬೀರುವಿನ ಮೇಲಿದೆ.

ಸಾಮಾನು ಕಟ್ಟುವುದು ಅರ್ಧ ಮುಗಿದಿದೆ. ಕುಡಿಯುವ ನೀರಿನ ಕ್ಯಾನು, ಟಾರ್ಚು, ಜಾಕು, ಪುಟ್ಟಿಗೆ ವಾಂತಿ ಬಂದರೆ ಇರಲಿ ಎಂದು ಒಂದು ಕಟ್ಟು ಪ್ಲಾಸ್ಟಿಕ್ ಚೀಲ. ಡಿಕ್ಕಿಯಲ್ಲಿ ಅರ್ಧ ಜಾಗವನ್ನು ಖಾಲಿ ಬಿಟ್ಟಿದ್ದೇನೆ, ಅದು ನಿಮ್ಮ ಸಾಮಾನಿಗೆ. ಅಲ್ಲಿಗೆ ಹೋದ ಮೇಲೆ ಒಂದೊಂದಾಗಿ ತರಿಸಿಕೊಂಡಿರಲ್ಲ, ಸ್ವೆಟರು, ಬಿಸಿನೀರಿನ ಚೀಲ, ಓದುವ ದೀಪ, ಅಷ್ಟೂ ವಾಪಸ್ಸು ಬರಬೇಕು. ಎರಡು ದಿನದ ಬಟ್ಟೆ ತುರುಕಿದ ಕೈಚೀಲ ಹಿಡಿದು ಗೇಟಿನ ಹತ್ತಿರ ನಿಂತರೆ ನಾನು ಒಪ್ಪುವವಳಲ್ಲ.

ಅತ್ತಿಗೆಯ ಮನೆಯವರನ್ನೆಲ್ಲ ಕೇಳಿದೆ ಎಂದು ಹೇಳಿ. ಅಡುಗೆಗೆ ಒದ್ದಾಡುವುದು ಬೇಡ, ಇದ್ದದ್ದನ್ನು ತಿನ್ನುತ್ತೇವೆ. ಪುಟ್ಟಿ ಅಜ್ಜಿಗೆ ಒಂದು ಮುತ್ತು ಕಳಿಸಿದ್ದಾಳೆ, ಕಾಗದದ ಮೂಲೆಯಲ್ಲಿರುವ ಒದ್ದೆ ಕಲೆ ಅದೇ. ನಿಮ್ಮ ಆಶೀರ್ವಾದ ನನ್ನ ತಲೆಯ ಮೇಲಿರಲಿ, ಈ ಸಲ ಅದರ ಅಗತ್ಯ ಎಂದಿಗಿಂತ ಜಾಸ್ತಿಯಿದೆ.

ನಿಮ್ಮ ಸೊಸೆ

ತಾ.ಕ.: ಮುಖ್ಯವಾದದ್ದನ್ನೇ ಬಿಟ್ಟಿದ್ದೆ. ಬಿಟ್ಟಿದ್ದೆ ಅಂದರೆ, ಬರೆಯಲು ಧೈರ್ಯ ಬರಲಿಲ್ಲ. ಶನಿವಾರ ನಿಮ್ಮ ಮಗ ಓಡಿಸುತ್ತಾರೆ, ಭಾನುವಾರದಿಂದ ಮನೆ ತಲುಪುವವರೆಗೂ ಓಡಿಸುವವಳು ನಾನು. ಅವರು ನಿಮ್ಮನ್ನು ಕರೆತರುವ ಮಾತೇ ಎತ್ತದಿದ್ದಾಗ, ನಾನೇ ಹೋಗಿ ಕರೆತರುತ್ತೇನೆ ಎಂದು ಡ್ರೈವಿಂಗ್ ಸ್ಕೂಲಿಗೆ ಸೇರಿದೆ, ಲೈಸೆನ್ಸೂ ಬಂತು. ಹದಿನೈದು ದಿನದ ಹಿಂದೆ ಮೊದಲ ಸಲ ಅವರನ್ನು ಪಕ್ಕ ಕೂರಿಸಿಕೊಂಡು ಡಬ್ಬಿಯನ್ನು ಬೀದಿಗಿಳಿಸಿದೆ. ಬೀದಿ ಮುಗಿಯುವ ಮೊದಲೇ "ಬ್ರೇಕ್, ಬ್ರೇಕ್" ಎಂದು ಕೂಗುತ್ತಾ ನೆಲಕ್ಕೆ ಕಾಲು ಒತ್ತಿದರು, ಥೇಟ್ ನಿಮ್ಮ ಹಾಗೆ. ನನಗೂ ರೇಗಿತು, "ಇನ್ಮೇಲೆ ನೀವು ಹಿಂದೆ ಕೂತ್ಕೊಳ್ಳಿ" ಎಂದುಬಿಟ್ಟೆ. ಅಂದ ಮೇಲೆ ಇಬ್ಬರಿಗೂ ಪೆಟ್ರೋಲ್ ಬಂಕು ನೆನಪಾಯಿತು. ಅವರು ಗಾಡಿ ನಿಲ್ಲಿಸಲು ಹೇಳಿ, ಇಳಿದು, ಹಿಂದಿನ ಸೀಟಿಗೆ ಹೋದರು. ಮನೆ ಬಂದಾಗ "ಅಮ್ಮನಿಗೆ ಎಷ್ಟು ನೋವಾಗಿರಬೇಕು" ಎಂದರು. ಮಾರನೆಯ ದಿನವೇ ರಿಪೇರಿ ಶುರುವಾಯಿತು. ನಾನು ಓಡಿಸುವಷ್ಟು ಹೊತ್ತು ಅವರ ಜಾಗ ಹಿಂದೆ, ಅವರೇ ಆರಿಸಿಕೊಂಡದ್ದು. ಅತ್ತೆ, ನನ್ನ ಕಾಲಿಗೆ ಇನ್ನೂ ಮಷೀನಿನ ಅಭ್ಯಾಸ, ಪೆಡಲಿನಿಂದ ಎತ್ತಿದರೆ ಗಾಡಿ ನಿಂತೇ ಬಿಡುತ್ತದೆ ಎಂದುಕೊಳ್ಳುತ್ತದೆ. ಸ್ಕೂಲಿನ ಕಾರಿನಲ್ಲಿ ಕಲಿಸುವವರ ಕಾಲ ಹತ್ತಿರವೂ ಒಂದು ಬ್ರೇಕಿತ್ತು, ನಮ್ಮದರಲ್ಲಿ ಇಲ್ಲ. ನಿಮ್ಮ ಮಗ ಬ್ರೇಕ್ ಎನ್ನುವುದು ಲಾರಿ ಮೂಗಿನ ತುದಿಗೆ ಬಂದ ಮೇಲೆ, ನೀವು ಅದು ತಿರುವಿನಲ್ಲಿ ಕಾಣುವಾಗಲೇ ಹೇಳುತ್ತೀರಿ. ನೀವು ಪಕ್ಕ ಕೂತು ಜೋರಾಗಿ ಹೇಳದಿದ್ದರೆ ನಾನು ಸಮುದ್ರಕ್ಕೂ ಹೋಗಲಾರೆ, ಮನೆಗೂ ಬರಲಾರೆ. ಹೊಸ ಮ್ಯಾಟು ದಪ್ಪದ್ದೇ ಹಾಕಿಸಿದ್ದೇವೆ, ಎಷ್ಟು ಬೇಕಾದರೂ ಒತ್ತಿ.