ಗೆದ್ದ ಊರಿನ ಉಸ್ತುವಾರಿ

ನಿನ್ನ ಅಡುಗೆಮನೆಯ ಕಿಟಕಿ ಪಕ್ಕದಿಂದ,
ಶನಿವಾರ ಮಧ್ಯಾಹ್ನ

ನನ್ನ ಗುಂಡೂ,

ಹೇಗಿದ್ದೀಯೇ? ಹಡಗು ಓಲಾಡಿದರೆ ಈಗಲೂ ಹೊಟ್ಟೆ ತೊಳಸುತ್ತದೆಯೇ? ಎಲ್ಲರಿಗೂ ಮದ್ದು ಕೊಡುವ ನರ್ಸಮ್ಮನೇ ಮಲಗಿಬಿಟ್ಟರೆ ಗತಿಯೇನು? ಹೊತ್ತಿಗೆ ಸರಿಯಾಗಿ ತಿನ್ನು. ನನ್ನ ಮಂಡಿನೋವು ಇದ್ದಲ್ಲೇ ಇದೆ, ಅದಕ್ಕೂ ನನಗೂ ರಾಜಿಯಾಗಿದೆ.

ನಿನಗೆ ಬೇಕಾದ ಸುದ್ದಿ ಯಾವುದೆಂದು ಗೊತ್ತು. ಹೊರಡುವಾಗ ಬಾಗಿಲಲ್ಲಿ ನಿಂತು ಹೇಳಿದ್ದೆಯಲ್ಲ, "ಇಬ್ರೂ ಒಂದು ತಿಂಗಳು ಜೊತೆಗಿದ್ದು ನೋಡಿ, ಹೊಂದಿಕೆ ಆಗದಿದ್ರೆ ಅಮ್ಮ ತನ್ನ ಬಾಡಿಗೆ ಕೋಣೆಗೇ ವಾಪಸ್ ಹೋಗ್ಲಿ" ಅಂತ. ಮೊದಲ ವಾರ ನಾನು ಗಂಟುಮೂಟೆ ಕಟ್ಟುವುದರಲ್ಲೇ ಇದ್ದೆ. ನಮ್ಮ ಅಳಿಯರಾಯರು "ಹೂಂ", "ಊಹೂಂ" ಎರಡೇ ಮಾತಿನಲ್ಲಿ ದಿನ ದೂಡುತ್ತಿದ್ದರು. ನಾನು ಅಡುಗೆಮನೆ ಒಪ್ಪ ಮಾಡಿದ ಮಾರನೆಯ ದಿನದಿಂದ ಚಹಾ ಕುಡಿಯಲು ಬೀದಿ ಕೊನೆಯ ಅಂಗಡಿಗೆ ಹೋಗತೊಡಗಿದರು. ನನಗೇನು, ಹೋಗಲಿ ಬಿಡು ಅಂದುಕೊಂಡೆ.

ಸಂಜೆಯಾದರೆ ಕಂಪ್ಯೂಟರ್ ಮುಂದೆ ಕೂತು ಹಳೆಗಾಲದ ರಾಜರ ಯುದ್ಧದ ಆಟ ಆಡುತ್ತಾರಲ್ಲ, ಒಂದು ದಿನ ಬಟ್ಟೆ ಮಡಿಸುತ್ತಾ ಹಿಂದೆ ನಿಂತಿದ್ದೆ. ದೊಡ್ಡದೊಂದು ಕೋಟೆ ಊರನ್ನು ಗೆದ್ದಿದ್ದಾರೆ, ಆದರೆ ಅಲ್ಲಿ ಮೇಲಿಂದ ಮೇಲೆ ದಂಗೆ. ಊರಿನ ಮೇಲೆ ಒಂದು ಪುಟ್ಟ ಮುಖದ ಚಿತ್ರವಿರುತ್ತದೆ. ಜನ ಸಿಟ್ಟಾದರೆ ಅದು ಕೆಂಪಾಗುತ್ತದೆ. ಇವರದು ಕೆಂಪೋ ಕೆಂಪು. "ಐದು ಪಡೆ ಇಟ್ಟಿದೀನಿ, ಆದ್ರೂ ಬಗ್ತಿಲ್ಲ ಅತ್ತೆ" ಅಂದರು. ಅವರು ನನ್ನೊಡನೆ ಆಡಿದ ಮೊದಲ ಉದ್ದದ ಮಾತು ಅದು. ನೋಡಿದರೆ, ಗೆದ್ದ ದಿನವೇ ತೆರಿಗೆ ಏರಿಸಿದ್ದಾರೆ, ಊರವರ ಹಳೆಯ ಸ್ನಾನಗೃಹ ಕೆಡವಿ ಸೈನಿಕರಿಗೆ ಬಿಡಾರ ಕಟ್ಟಿದ್ದಾರೆ! ಅಷ್ಟು ವರ್ಷ ಹೆಣ್ಣುಮಕ್ಕಳ ಹಾಸ್ಟೆಲ್ ನೋಡಿಕೊಂಡವಳು ನಾನು, ಸುಮ್ಮನಿರು ಅಂದರೆ ಬಾಯಿ ಕೇಳುತ್ತದೆಯೇ? ಹೊಸದಾಗಿ ಬಂದ ವಾರ್ಡನ್ ಮೊದಲ ದಿನವೇ ಟಿವಿ ಕೋಣೆಗೆ ಬೀಗ ಜಡಿದರೆ ಹುಡುಗಿಯರು ತಟ್ಟೆ ಬಡಿಯದೆ ಇನ್ನೇನು ಮಾಡುತ್ತಾರೆ ಅಂತ ಚೆನ್ನಾಗಿ ದಬಾಯಿಸಿದೆ. "ಹಾಗಾದ್ರೆ ನೀವೇ ಆಳಿ, ನಂಗೆ ಗೆಲ್ಲೋದಷ್ಟೇ ಬರೋದು" ಅಂತ ಕುರ್ಚಿ ಬಿಟ್ಟೇ ಎದ್ದರು. ತೆರಿಗೆ ಇಳಿಸಿದೆ, ಸ್ನಾನಗೃಹ ಮತ್ತೆ ಕಟ್ಟಿಸಿದೆ, ಪಡೆಗಳನ್ನು ಒಂದೊಂದಾಗಿ ಊರಾಚೆ ಸಾಗಹಾಕಿದೆ. ಮುಖ ಹಳದಿಗೆ ತಿರುಗಿ ನಿಧಾನಕ್ಕೆ ಹಸಿರಾಯಿತು. ನನ್ನ ಖುಷಿ ಕೇಳಬೇಡ!

ಆಗ ನಿನ್ನ ಗಂಡ ಮೆಲ್ಲಗೆ, "ಅತ್ತೆ, ಈ ಕಾನೂನು ನಮ್ಮನೆ ಅಡುಗೆಮನೆಗೂ ಇದ್ಯಾ?" ಅನ್ನಬೇಕೇ! ಮೈಯೆಲ್ಲ ಉರಿದುಹೋಯಿತು. ಉರಿ ಇಳಿದ ಮೇಲೆ ಗುಜರಿ ಚೀಲಕ್ಕೆ ಕೈ ಹಾಕಿ, ಬಂದ ದಿನವೇ ನಾನು ಎಸೆದಿದ್ದ ಅವರ ಆ ನೆಗ್ಗಿದ ಚಹಾ ಪಾತ್ರೆಯನ್ನು ತೆಗೆದು, ತಿಕ್ಕಿ, ಒಲೆ ಪಕ್ಕ ಇಟ್ಟೆ. ಬೆಳಿಗ್ಗೆ ಅವರು ಅದರಲ್ಲೇ ಚಹಾ ಕಾಸಿ ನನಗೂ ಒಂದು ಲೋಟ ತಂದಿಟ್ಟರು. ಸಕ್ಕರೆ ವಿಪರೀತ. ಕುಡಿದೆ. ಅಂದಿನಿಂದ ಅಂಗಡಿ ಚಹಾ ನಿಂತಿದೆ. ಸಂಜೆ ಅವರು ಊರು ಗೆಲ್ಲುತ್ತಾರೆ, ನಾನು ಆಳುತ್ತೇನೆ. ನಿಜ ಹೇಳಲೇನೇ, ನಿನ್ನಪ್ಪ ಹೋದ ಮೇಲೆ ಯಾವ ಮನೆಯಲ್ಲೂ ನಾನು ಇಷ್ಟು ಮಾತಾಡಿದ್ದಿಲ್ಲ, ನಕ್ಕಿದ್ದಿಲ್ಲ. ಸುಖವಾಗಿದ್ದೇನೆ ಕಣೇ.

ಯಾವ ನೀರಿನ ಮೇಲಿದ್ದರೂ ತಣ್ಣಗಿರು. ಹಡಗಿನ ಅಡುಗೆಯವರಿಗೆ ನನ್ನ ನಮಸ್ಕಾರ ಹೇಳು, ನಿನ್ನ ತಟ್ಟೆ ತುಂಬುವವರು ಅವರೇ ತಾನೇ.

ನಿನ್ನ
ಅಮ್ಮ

ತಾ.ಕ.: ಅಂಚೆಗೆ ಹೊತ್ತಾಯಿತು, ಒಂದೇ ಉಸಿರಿಗೆ ಹೇಳಿಬಿಡುತ್ತೇನೆ. ಬಾಡಿಗೆ ಕೋಣೆ ಖಾಲಿ ಮಾಡಿಬಿಟ್ಟೆ. ಅಳಿಯರಾಯರೇ ಇದ್ದುಬಿಡಿ ಅಂದು, ಮಂಚ ಟ್ರಂಕು ಎಲ್ಲ ಹೊತ್ತು ತಂದರು. ಎಲ್ಲ ನಿನ್ನ ಓದುವ ಕೋಣೆಯಲ್ಲಿದೆ. ನಿನ್ನ ಮೇಜು, ಪುಸ್ತಕ ಒಂದನ್ನೂ ಅಲ್ಲಾಡಿಸಿಲ್ಲ, ಮಂಚವನ್ನೇ ಓರೆಯಾಗಿ ಹಾಕಿಸಿಕೊಂಡಿದ್ದೇನೆ. ಬಂದು ಆ ಬಾಗಿಲು ತೆಗೆದಾಗ ಮುಖ ಕೆಂಪು ಮಾಡಬೇಡವೇ ಗುಂಡೂ, ನನಗೆ ವಾಪಸ್ ಹೋಗಲು ಇನ್ನು ಬೇರೆ ಊರಿಲ್ಲ.